ನಿಂಗಮ್ಮ ಬೆಂಚು ಬಿಟ್ಟು ಏಳಲಿಲ್ಲ

ಕುಶಾಲನಗರದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ನಿಂಗಮ್ಮನ ಮುದ್ದೆ ಹೋಟೆಲಿತ್ತು. ಬೋರ್ಡು ಇರಲಿಲ್ಲ. ಲಾರಿಯವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಅದನ್ನು ‘ಗುಂಡಮ್ಮನ ಹೋಟ್ಲು’ ಎನ್ನುತ್ತಿದ್ದರು. ಕಿವಿಗೆ ಬಿದ್ದರೂ ನಿಂಗಮ್ಮ ಬೇಸರಪಡುತ್ತಿರಲಿಲ್ಲ. ಅರವತ್ತೆರಡರ ಹೆಂಗಸು, ಹಾಸನದ ಕಡೆಯಿಂದ ಗಂಡನ ಜೊತೆ ಬಂದು ನೆಲೆಸಿದವಳು. ಒಲೆ ಮುಂದೆ ಕೂತರೆ ಕೆಳಗಿನ ಮಣೆ ಕಾಣುತ್ತಿರಲಿಲ್ಲ. ಮಾಂಸದ ಸಾರು ಇಳಿಸುವ ಮುಂಚೆ ಮೇಲೆ ತೇಲುವ ಕೊಬ್ಬನ್ನು ಸೌಟಿನಲ್ಲಿ ಎತ್ತಿ, ತನ್ನ ಮುದ್ದೆಗೆ ಸುರಿದುಕೊಂಡು ಮೊದಲು ತಾನೇ ರುಚಿ ನೋಡುವುದು ಅವಳ ಪದ್ಧತಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎಂಟು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಅವಳಿಗೆ ಮಲದ ಜೊತೆ ರಕ್ತ ಕಾಣಿಸಿತು. ನಾಟಿ ವೈದ್ಯರು ಮೂಲವ್ಯಾಧಿ ಎಂದು ಪುಡಿ ಕೊಟ್ಟರು. ಮೂರು ತಿಂಗಳು ನುಂಗಿದರೂ ರಕ್ತ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಅವಳು ಮಗ ಮಂಜುನಾಥ, ಸೊಸೆ ವನಜಮ್ಮ, ಮೈದುನ ಸಣ್ಣಸ್ವಾಮಿ ಮೂವರನ್ನೂ ಕೂರಿಸಿಕೊಂಡು ಹೇಳಿದಳು: “ನಾನು ಮೈಸೂರಿಗೆ ಹೋಗಿ ತೋರಿಸ್ಕೊಂಡು ಬತ್ತೀನಿ.”

ಸಣ್ಣಸ್ವಾಮಿ ಕಾಫಿ ಲೋಟ ಕೆಳಗಿಟ್ಟ. “ಎಲ್ಲಿ ತೋರಿಸ್ತೀರಿ ಅತ್ಗೆ? ಆ ಜಾಗಾನ? ಗಂಡಸು ಡಾಕ್ಟ್ರಿಗಾ? ನಾಳೆ ನಾವು ಊರಲ್ಲಿ ತಲೆ ಎತ್ಕೊಂಡು ತಿರುಗೋದು ಬ್ಯಾಡ್ವಾ?”

“ನಿಮ್ಮಣ್ಣನೂ ಹಿಂಗೇ ಅಂದಿದ್ರು,” ಎಂದಳು ನಿಂಗಮ್ಮ.

ಅವಳ ಗಂಡ ಒಂದು ವರ್ಷ ರಕ್ತ ಹೋಗುತ್ತಿದ್ದುದನ್ನು ಹೆಂಡತಿಗೂ ಹೇಳದೆ ಬಚ್ಚಿಟ್ಟಿದ್ದ. ಹೊಟ್ಟೆ ಕಟ್ಟಿ, ಉಬ್ಬಿ, ಕೊನೆಗೆ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಕರುಳಿನಲ್ಲಿ ಗೆಡ್ಡೆ ಬೆಳೆದಿತ್ತು. ಎರಡು ತಿಂಗಳಲ್ಲಿ ಹೋಗಿಬಿಟ್ಟ.

“ಅವರ ಬಟ್ಟೆ ಒಗೆದೋಳು ನಾನು. ಗೊತ್ತಾಗ್ದಂಗೆ ಅವರೇ ಹೊಳೇಲಿ ಮೊದ್ಲು ಜಾಲಿಸ್ಕೊಂಡು ಬರ್ತಿದ್ರಂತೆ. ಅಷ್ಟು ನಾಚಿಕೆ. ನಂಗೆ ಅಷ್ಟಿಲ್ಲ ಸಣ್ಣಸ್ವಾಮಿ. ನನ್ನ ಮೈ, ನಾನು ತೋರಿಸ್ತೀನಿ.”

ಮಾರನೇ ದಿನ ಅತ್ತೆ ಸೊಸೆ ಇಬ್ಬರೇ ಮೈಸೂರಿನ ಬಸ್ಸು ಹತ್ತಿದರು.

ಆಸ್ಪತ್ರೆಯಲ್ಲಿ ಮೊದಲು ತೂಕ ನೋಡಿದರು. ಇನ್ನೂರ ಹತ್ತು ಪೌಂಡು. ಯುವ ಡಾಕ್ಟರು ಕಸುಬು, ತೂಕ ಬರೆದಿದ್ದ ಚೀಟಿ ನೋಡಿದರು, ಅವಳನ್ನು ನೋಡಿದರು, ನಕ್ಕರು. “ಏನಜ್ಜಿ, ಹೋಟೆಲು ನೀವೇ ಖಾಲಿ ಮಾಡ್ತೀರಾ? ಇಷ್ಟು ದಪ್ಪ ಇದ್ದರೆ ಮೂಲವ್ಯಾಧಿ ಬರದೆ ಇರುತ್ತಾ? ಮುಲಾಮು ಬರೆದಿದ್ದೀನಿ. ಊಟ ಕಡಿಮೆ ಮಾಡಿ, ಹೋಗಿ.”

ನಿಂಗಮ್ಮ ಬೆಂಚಿನಿಂದ ಏಳಲಿಲ್ಲ.

“ನೀವು ನೋಡ್ಲೇ ಇಲ್ವಲ್ಲ ಸ್ವಾಮಿ.”

“ನೋಡೋದು ಬೇಕಾಗಿಲ್ಲ ಅಜ್ಜಿ.”

“ನಾನು ಸಾರಿನ ರುಚಿ ಪಾತ್ರೆ ನೋಡಿ ಹೇಳಕಿಲ್ಲ. ಮೈ ನೋಡಿ ಬೈಯ್ರಿ, ಬೈಸ್ಕತೀನಿ. ಆದ್ರೆ ಒಳಗೂ ನೋಡಿ ಬೈಯ್ರಿ. ಅಲ್ಲೀಗಂಟ ನಾನು ಏಳಕಿಲ್ಲ.”

ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ವನಜಮ್ಮ ಸೆರಗು ಹಿಡಿದು ಎಳೆದಳು, “ಅತ್ತೆ, ಎಲ್ಲಾ ನೋಡ್ತಾವ್ರೆ.” “ನೋಡ್ಲಿ,” ಎಂದಳು ನಿಂಗಮ್ಮ. ಗಲಾಟೆ ಕೇಳಿ ಪಕ್ಕದ ಕೋಣೆಯಿಂದ ತಲೆ ನೆರೆತ ಸರ್ಜನ್ನರು ಹೊರಗೆ ಬಂದರು. ವಿಷಯ ಕೇಳಿದರು. ಗಂಡ ಹೇಗೆ ಸತ್ತನೆಂದು ತಿಳಿದ ಮೇಲೆ ಅವರ ಮುಖದಲ್ಲಿ ನಗು ಇರಲಿಲ್ಲ. ಯುವ ಡಾಕ್ಟರ ಕೈಯಿಂದ ಚೀಟಿ ತೆಗೆದುಕೊಂಡು, “ಇವರನ್ನು ನಾನು ನೋಡುತ್ತೇನೆ,” ಎಂದರು.

ಎರಡು ದಿನ ಕರುಳು ತೊಳೆದು, ಮೂರನೇ ದಿನ ಬೆಳಕಿನ ಕೊಳವೆ ಹಾಕಿ ನೋಡಿದರು. ನೋವಿಗಿಂತ ಅವಮಾನ ದೊಡ್ಡದೆಂದು ನಿಂಗಮ್ಮ ಅಂದುಕೊಂಡಿದ್ದಳು. ನೋವೇ ದೊಡ್ಡದಾಗಿತ್ತು. ಹಲ್ಲು ಕಚ್ಚಿ ಗೋಡೆಯ ಕಡೆ ತಿರುಗಿ ಮಲಗಿದಳು. ಕಣ್ಣಲ್ಲಿ ನೀರು ಬಂದರೂ ‘ಸಾಕು’ ಎನ್ನಲಿಲ್ಲ.

“ಪಾಲಿಪ್ ಇದೆ,” ಎಂದರು ಸರ್ಜನ್ನರು. “ಕರುಳಿನ ಒಳಗೋಡೆಯಲ್ಲಿ ತೊಟ್ಟಿನ ಮೇಲೆ ಬೆಳೆದ ಗಂಟು, ಎಲಚಿಹಣ್ಣಿನಷ್ಟು. ಬಿಟ್ಟರೆ ಕೆಲವು ಗಂಟುಗಳು ಮುಂದೆ ನಿಮ್ಮ ಯಜಮಾನರಿಗೆ ಬಂದ ಹಾಗೆ ಆಗುತ್ತವೆ.” ತಂತಿಯ ಕುಣಿಕೆ ಹಾಕಿ ಅದನ್ನು ಸುಟ್ಟು ತೆಗೆದರು.

ಮಾರನೇ ದಿನ ಗಾಜಿನ ನಳಿಕೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಕೆಳಗೆ ಕೆಂಪು ಇಳಿದಿತ್ತು. ಮೇಲಿನ ನೀರು ತಿಳಿಯಾಗಿರದೆ ಮಜ್ಜಿಗೆಯಂತೆ ಬೆಳ್ಳಗಿತ್ತು. “ಇದು ನಿಮ್ಮ ರಕ್ತ.”

ನಿಂಗಮ್ಮನಿಗೆ ವಿವರಣೆ ಬೇಕಾಗಲಿಲ್ಲ. “ಕೊಬ್ಬು,” ಎಂದಳು. “ಈ ಕೊಬ್ಬಿಂದಲೇ ಆ ಗಂಟು ಬಂತಾ?”

“ಅಷ್ಟು ಖಚಿತವಾಗಿ ಹೇಳಲಾರೆ. ವಯಸ್ಸಾದವರಲ್ಲಿ ತೂಕ, ರಕ್ತದ ಕೊಬ್ಬು, ಈ ಗಂಟು ಮೂರೂ ಒಟ್ಟಿಗೆ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ತೂಕ ಇಳಿಸಿ. ಹೃದಯಕ್ಕಂತೂ ಒಳ್ಳೆಯದು. ವರ್ಷಕ್ಕೊಂದು ಸಲ ಬನ್ನಿ.”

“ಇದನ್ನ ನೀವು ನೋಡಿ ಹೇಳಿದ್ರಿ. ಕೇಳ್ತೀನಿ,” ಎಂದಳು.

ಗಂಟಿನಲ್ಲಿ ಕ್ಯಾನ್ಸರ್ ಇಲ್ಲವೆಂದು ಮೂರು ವಾರಕ್ಕೆ ಕಾಗದ ಬಂತು. ಅಷ್ಟರಲ್ಲಿ ಅವಳು ತೇಲುವ ಕೊಬ್ಬನ್ನು ಎತ್ತಿ ಚೆಲ್ಲಲು ಶುರುಮಾಡಿದ್ದಳು. ಅಂಗೈಯಗಲದ ಒಂದು ಮುದ್ದೆ, ಸೊಪ್ಪಿನ ಸಾರು, ಸಂಜೆ ಹೊಳೆಯವರೆಗೆ ನಡಿಗೆ. ಮೊದಲ ತಿಂಗಳು ಹಸಿವಿನಿಂದ ಎಲ್ಲರ ಮೇಲೂ ರೇಗಿದಳು.

“ನೀವು ಸಣ್ಣಗಾದ್ರೆ ಊಟದಲ್ಲಿ ಸತ್ವ ಇಲ್ಲ ಅಂತಾರೆ. ಜನ ಬರಲ್ಲ,” ಎಂದ ಸಣ್ಣಸ್ವಾಮಿ.

“ನಾನು ಸತ್ರೆ ಬತ್ತಾರಾ?”

ಆ ಮಧ್ಯಾಹ್ನ ಹೋಟೆಲು ತುಂಬಿತ್ತು. “ಗುಂಡಮ್ಮ ಸೊರಗವ್ಳೆ, ಕೆಟ್ಟ ಕಾಯಿಲೆಯಂತೆ,” ಎಂದು ಲಾರಿಯವನೊಬ್ಬ ಪಕ್ಕದವನಿಗೆ ಹೇಳಿದ್ದು ಒಲೆಯವರೆಗೂ ಕೇಳಿತು. ನಿಂಗಮ್ಮ ಸೌಟು ಹಿಡಿದುಕೊಂಡೇ ಎದ್ದು ಬಂದು ಪಂಕ್ತಿಯ ನಡುವೆ ನಿಂತಳು.

“ಕೇಳ್ರಪ್ಪ. ನಂಗೆ ಮಲದಲ್ಲಿ ರಕ್ತ ಹೋಗ್ತಿತ್ತು. ಕರುಳಲ್ಲಿ ಗಂಟು ಇತ್ತು, ತೆಗೆಸ್ಕೊಂಡು ಬಂದಿದ್ದೀನಿ. ಯಾರಿಗಾದ್ರೂ ಹಂಗೆ ಹೋಗ್ತಿದ್ರೆ ಬಚ್ಚಿಡಬ್ಯಾಡಿ.”

ಯಾರೋ ಕಿಸಕ್ಕನೆ ನಕ್ಕರು. “ಉಣ್ಣೋ ಹೊತ್ನಲ್ಲಿ ಇದೇನಮ್ಮ?” ಎಂದ ಲಾರಿಯವನು.

“ಉಂಡದ್ದು ಹೋಗೋದೂ ಅದೇ ದಾರೀಲೇ ಕಣಪ್ಪ. ನಗೋದಾದ್ರೆ ನಗು. ನನ್ನ ಗಂಡ ನಾಚ್ಕೊಂಡೇ ಸತ್ತ.”

ಇಬ್ಬರು ಎಲೆ ಬಿಟ್ಟು ಎದ್ದು ಹೋದರು. ಉಳಿದವರು ತಲೆ ತಗ್ಗಿಸಿ ಉಂಡರು. ಸಣ್ಣಸ್ವಾಮಿ ಮನೆತನದ ಮಾನ ಹೋಯಿತೆಂದು ಅಂದಿನಿಂದ ಅವಳ ಜೊತೆ ಮಾತು ಬಿಟ್ಟ. ಮತ್ತೆ ಆಡಲೂ ಇಲ್ಲ. ಎಲ್ಲರೂ ಹೋದ ಮೇಲೆ ಮಾದಾಪುರದ ಎಸ್ಟೇಟ್ ರೈಟರ್ ಪೂವಯ್ಯ ಕೈ ತೊಳೆದುಕೊಂಡು ಬಾಗಿಲಲ್ಲೇ ನಿಂತಿದ್ದರು. ಅರವತ್ತರ ಹತ್ತಿರದ, ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದ ಮನುಷ್ಯ.

“ನಿಂಗಮ್ಮ, ಆ ಡಾಕ್ಟ್ರ ಹೆಸರು ಎಂತ?” ಎಂದರು ಮೆಲ್ಲಗೆ.

“ಎಷ್ಟು ದಿನದಿಂದ?”

“ಆರು ತಿಂಗಳು. ಮನೇಲಿ ಹೇಳಿಲ್ಲ.”

“ಇವತ್ತೇ ಹೇಳಿ. ಸೋಮವಾರ ಬಸ್ಸಿಗೆ ಬನ್ನಿ. ನಾನು ಕರ್ಕೊಂಡು ಹೋಗ್ತೀನಿ.”

ಸೋಮವಾರ ಪೂವಯ್ಯ ಟೊಪ್ಪಿ ಕಣ್ಣಿನವರೆಗೂ ಎಳೆದುಕೊಂಡು ಬಂದರು. ಬಸ್ಸು ಭರ್ತಿಯಾಗಿತ್ತು. “ಏನ್ ನಿಂಗಮ್ಮೋರೆ, ಮೈಸೂರಿಗೆ? ಮದುವೆಗಾ?” ಎಂದು ಕಂಡಕ್ಟರು ಕೂಗಿ ಕೇಳಿದ.

“ಅಲ್ಲಪ್ಪ, ಕರುಳು ತೋರಿಸೋಕೆ,” ಎಂದು ನಿಂಗಮ್ಮ ಅವನಿಗಿಂತ ಜೋರಾಗಿ ಹೇಳಿದಳು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಪೂವಯ್ಯ ಕಿಟಕಿಯ ಕಡೆ ಮುಖ ಮಾಡಿದರು. ಕಂಡಕ್ಟರು ಹತ್ತಿರ ಬಂದಾಗ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಎರಡು ಟಿಕೆಟ್ ಕೊಡಿ. ನಂಗೂ ಅದಕ್ಕೇ,” ಎಂದರು.