ದೊಡ್ಡದು ಮಾಡಿದ ದೀಪ

ಹಿಂಗಾರಿ ಜೋಳದ ತೆನೆ ಬಲಿತು, ಹೊಲದಲ್ಲಿ ಹಕ್ಕಿ ಕಾಯುವ ಕಾಲ ಅದು. ಹೊತ್ತು ಆಗಷ್ಟೇ ಮೂಡಿತ್ತು, ಚಳಿ ಇನ್ನೂ ಹೆಗಲಿಳಿದಿರಲಿಲ್ಲ. ಗದ್ವಾಲದ ಆ ಸಣ್ಣ ದವಾಖಾನೆಯಲ್ಲಿ ಭೀಮಯ್ಯನನ್ನು ಆಪರೇಷನ್ ಖೋಲಿಗೆ ತಳ್ಳಿಕೊಂಡು ಹೋದದ್ದು ಆಗಲೇ. ಬಾಗಿಲು ಮುಚ್ಚಿತು. ಅವನ ಹೆಂಡತಿ ಸುಗುಣಮ್ಮ ಹೊರಗಿನ ಬೆಂಚಿನ ಮೇಲೆ ಸೆರಗು ಬಿಗಿ ಹೊದ್ದು ಕೂತಳು.

ಭೀಮಯ್ಯ ನಾರಾಯಣಪೇಟೆಯ ನೇಕಾರ. ಅವನದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಮೇಲೆ ಕೈ ಲಾಳಿ ಓಡಿಸುತ್ತಿದ್ದರೆ ಕೆಳಗೆ ಎರಡು ಕಾಲೂ ಹಲಗೆ ತುಳಿಯುತ್ತಿರಬೇಕು. ಒಂದು ಕಾಲು ಹೋದರೆ ಮಗ್ಗವೇ ಹೋದಂತೆ. ಆ ಕಾಲಿಗೇ ಈಗ ಕುತ್ತು ಬಂದಿತ್ತು. ಸಕ್ಕರೆ ಕಾಯಿಲೆಯವನು, ಪಾದಕ್ಕೆ ಆದ ಗಾಯ ಮಾಯಲಿಲ್ಲ. ಸಂಕ್ರಾಂತಿಯ ಮುಂದೆ ಇದೇ ದವಾಖಾನೆಯಲ್ಲಿ ಒಂದು ಬೆರಳು ತೆಗೆದು, ನಾಲ್ಕು ಮಂಚದ ದೊಡ್ಡ ಖೋಲಿಯಲ್ಲಿ ಮಲಗಿಸಿದ್ದರು. ಗಾಯ ಒಣಗುವ ಬದಲು ಕೀವು ತುಂಬಿತು. ಪಕ್ಕದ ಮಂಚದವನಿಗೂ ಹಾಗೇ ಆಯಿತು, ಅದರಾಚೆಯ ಮುದುಕಿಗೂ ಆಯಿತು.

ಡಾಕ್ಟರು ಶಿವರಂಜನಿ, ರಾಯಚೂರಿನ ಹೆಣ್ಣುಮಗಳು. ಹೀಗೇಕಾಯಿತೆಂದು ಖೋಲಿಯ ಮಂಚ, ಕಂಬಿ, ಗೋಡೆಯನ್ನೆಲ್ಲ ಹತ್ತಿಯಿಂದ ಒರೆಸಿ ಪರೀಕ್ಷೆಗೆ ಕಳಿಸಿದಳು. ರೋಗದ ಹುಳ ಮಂಚದ ಕಂಬಿಗೇ ಅಂಟಿ ಕೂತಿತ್ತಂತೆ. ಎಷ್ಟು ಫಿನಾಯಿಲು ಹಾಕಿ ಒರೆಸಿದರೂ ಎಲ್ಲೋ ಒಂದು ಮೂಲೆಯಲ್ಲಿ ಉಳಿದು, ಮತ್ತೆ ಹಬ್ಬುತ್ತಿತ್ತಂತೆ. ಆಗ ಅವಳು ಹೈದರಾಬಾದಿನಿಂದ ಜನರನ್ನು ಕರೆಸಿ ಖೋಲಿಯ ಸೂರಿಗೆ ಹೊಸ ದೀಪ ಹಾಕಿಸಿದಳು. ಅದಕ್ಕೆ ಎರಡು ಬಟನ್. ಒಂದು ಒತ್ತಿದರೆ ಸಾದಾ ಬಿಳಿ ಬೆಳಕು. ಇನ್ನೊಂದಕ್ಕೆ ಕಡು ನೇರಳೆ ಬೆಳಕು, ಅದನ್ನು ಖೋಲಿ ಖಾಲಿ ಇದ್ದಾಗ ಮಾತ್ರ ಹಾಕಬೇಕು.

"ಇದು ಎಕ್ಸರೇ ಅಲ್ಲ, ಹೆದರಬ್ಯಾಡ್ರಿ. ಕಣ್ಣಿಗೆ ಕಾಣೋ ಬೆಳಕೇ ಇದು" ಎಂದು ಅವಳೇ ಸುಗುಣಮ್ಮನಿಗೆ ತೋರಿಸಿ ಹೇಳಿದ್ದಳು. "ಒರೆಸೋದಂತೂ ಒರೆಸಲೇಬೇಕು. ಒರೆಸಿದ ಮ್ಯಾಲ ಉಳಿದದ್ದನ್ನ ಇದು ನಿಧಾನಕ್ಕ ಕೊಲ್ಲತೈತಿ. ಅವಸರ ನಡೆಯಂಗಿಲ್ಲ. ಬಿಸಿಲಿಗೆ ಹಾಕಿದ ಹಪ್ಪಳ ಇದ್ದಂಗ, ಹೊತ್ತು ಹಿಡಿತೈತಿ."

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತನ್ನೂ ಹೇಳಿದ್ದಳು. "ತೊಡೀ ಚರ್ಮ ತಗದು ಪಾದಕ್ಕ ಹಚ್ಚತೀನಿ. ಈ ಸಲ ಕೀವು ಆತಂದ್ರ ಚರ್ಮ ನಿಲ್ಲಂಗಿಲ್ಲರಿ. ಆಮ್ಯಾಲ ಮೊಣಕಾಲ ಕೆಳಗ ತಗೀಬೇಕಾಗತೈತಿ. ಮುಚ್ಚಿಡದ ಹೇಳತೀನಿ."

ಸುಗುಣಮ್ಮ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಸಹ. ಒಬ್ಬಳೇ ಹೊತ್ತುಕೊಂಡು ಕೂತಿದ್ದಳು.

ಬೆಂಚಿನ ಆ ತುದಿಗೆ ಗುರುಲಿಂಗಮ್ಮ ಕೂತಿದ್ದಳು, ಮಕ್ತಲ್ ಕಡೆಯ ಒಕ್ಕಲುತನದ ಮನೆಯ ಹೆಣ್ಣುಮಗಳು. ಅವಳ ಗಂಡ ಮಹಾಂತಯ್ಯನಿಗೂ ಅಂದೇ ಹರ್ನಿಯಾದ ಆಪರೇಷನ್. ಭೀಮಯ್ಯನದು ಮುಗಿದ ಮೇಲೆ ಅವನ ಸರದಿ. ನೀರೂ ಕುಡಿಯಬಾರದೆಂದು ಹೇಳಿದ್ದರಿಂದ ಅವನು ಒಣಗಿದ ತುಟಿ ನೆಕ್ಕುತ್ತ ಗೋಡೆಗೆ ಒರಗಿದ್ದ.

"ನಮ್ಮ ಯಜಮಾನರಿಗೆ ಊಟ ತಪ್ಪಿದ್ರ ದೇವರು ತಪ್ಪಿದಂಗ" ಅಂದಳು ಗುರುಲಿಂಗಮ್ಮ. "ನಿಮ್ಮವರದು ಲಗೂನ ಮುಗಿದ್ರ ಸಾಕವ್ವಾ."

"ಮುಗಿತೈತ್ರಿ" ಅಂದಳು ಸುಗುಣಮ್ಮ. ಅವಳ ಕಣ್ಣು ಆಪರೇಷನ್ ಖೋಲಿಯ ಬಾಗಿಲಿಂದ ಎದುರಿನ ದೊಡ್ಡ ಖೋಲಿಯ ಬಾಗಿಲಿಗೂ, ಅಲ್ಲಿಂದ ಮತ್ತೆ ಇಲ್ಲಿಗೂ ಓಡಾಡುತ್ತಿತ್ತು. ದೊಡ್ಡ ಖೋಲಿಯ ಬಾಗಿಲು ಹಾಕಿತ್ತು. ನೇರಳೆ ಬೆಳಕು ಹೊರಗಿನವರ ಕಣ್ಣಿಗೆ ಬಡಿಯದಿರಲೆಂದು ಗಾಜಿಗೆಲ್ಲ ಕರಿ ಕಾಗದ ಅಂಟಿಸಿದ್ದರು. ಒಳಗೆ ದೀಪ ತನ್ನ ಕೆಲಸ ಮಾಡುತ್ತಿದೆ ಎಂಬುದೊಂದೇ ಅವಳಿಗಿದ್ದ ಧೈರ್ಯ.

ಹೊತ್ತು ಮಾರುದ್ದ ಏರಿದಾಗ ಮೊಗುಲಮ್ಮ ಚಹಾ ತಂದಳು. ಮೊಗುಲಮ್ಮ ದವಾಖಾನೆಯ ಆಯಾ, ಒರೆಸಿ ಬಳಿಯುವ ಕೆಲಸ ಅವಳದು. ತವರು ನಾರಾಯಣಪೇಟೆ ಹತ್ತಿರದ ಗುಂಡುಮಾಲ್. ನಾರಾಯಣಪೇಟೆ ಕಡೆಯವರು ಅಂದಕೂಡಲೆ ಸುಗುಣಮ್ಮನನ್ನು ಅಕ್ಕಾ ಎಂದು ಹಚ್ಚಿಕೊಂಡಿದ್ದಳು. ಹೋದ ಸಲ ಭೀಮಯ್ಯ ಮಲಗಿದ್ದಾಗ ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡದೆ ತಿಂದವಳಲ್ಲ.

"ಕುಡಿ ಅಕ್ಕಾ. ಮುಖಾ ನೋಡು, ಸುಟ್ಟ ಬದನೀಕಾಯಿ ಆಗೇತಿ."

"ನಿನ್ನ ಬಾಯಿಗೊಂದು ಬೀಗ ಇಲ್ಲ ನೋಡು, ಮೊಗುಲೀ."

"ಚಿಂತಿ ಬಿಡು. ಖೋಲಿ ಥಳಥಳ ಒರೆಸೀನಿ. ದಿನಾ ಆ ದೀಪದ ಕೆಲಸ ಮಾಡೋ ನರ್ಸವ್ವ ಭಾಗ್ಯಜ್ಯೋತಿ ಇವತ್ತು ಯಾರದೋ ಮದಿವಿಗೆ ಹೋಗ್ಯಾಳಲ್ಲ, ಮೇಡಮ್ಮಾರು ಮುಂಜಾನೆ ನನಗೇ ಫೋನ್ ಹಚ್ಚಿದ್ರು. ಹೇಳಿದಂಗ ದೀಪಾನೂ ದೊಡ್ಡದು ಮಾಡಿ, ಬಾಗಲಾ ಹಾಕ್ಕೊಂಡು ಬಂದೀನಿ."

ಸುಗುಣಮ್ಮ ತಲೆಯಾಡಿಸಿ ಚಹಾ ಬಾಯಿಗಿಟ್ಟಳು. ಒಂದು ಗುಟುಕು ಇಳಿಯಿತು. ಎರಡನೆಯದಕ್ಕೆ ಮೊದಲೇ 'ದೊಡ್ಡದು ಮಾಡಿ' ಎಂಬ ಮಾತು ಕಿವಿಯಲ್ಲಿ ನಿಂತಿತು.

ಅವರಿಬ್ಬರ ಕಡೆ ದೀಪ ಆರಿಸು ಎಂದು ಯಾರೂ ಅನ್ನುವುದಿಲ್ಲ. ಅಂದರೆ ಮನೆಗೆ ಕೇಡು. ಮಲಗುವ ಮುಂದೆ ಅತ್ತೆ ಸೊಸೆಗೆ "ದೀಪ ದೊಡ್ಡದು ಮಾಡವಾ" ಅನ್ನುತ್ತಾಳೆ, ಸೊಸೆ ಎದ್ದು ಹೋಗಿ ಆರಿಸುತ್ತಾಳೆ. ತೆಲುಗಿನವರೂ ಅಷ್ಟೆ, "ಘನಂ ಚೇಯಿ" ಅನ್ನುತ್ತಾರೆ. ಚಿಮಣಿ ಹೋಗಿ ಕರೆಂಟು ಬಂದರೂ ಹಳೇ ಜನರ ಬಾಯಲ್ಲಿ ಮಾತು ಬದಲಾಗಿಲ್ಲ.

"ದೊಡ್ಡದು ಮಾಡೀನಿ ಅಂದ್ರ?" ಸುಗುಣಮ್ಮ ಲೋಟ ಕೆಳಗಿಟ್ಟಳು. "ಹೆಂಗ ಮಾಡಿದಿ?"

"ಹೆಂಗ ಅಂದ್ರ? ದೀಪಾ ಹೆಂಗ ದೊಡ್ಡದು ಮಾಡ್ತಾರ? ಬಟನ್ ಒತ್ತಿದೆ, ಆತು."

"ಈಗ ಒಳಗ ಬೆಳಕೈತೇನು?"

ಮೊಗುಲಮ್ಮ ನಕ್ಕಳು. "ದೊಡ್ಡದು ಮಾಡಿದ ದೀಪದಾಗ ಬೆಳಕು ಎಲ್ಲಿರತೈತಕ್ಕಾ? ಯಾರೂ ಇಲ್ಲದ ಖೋಲಿಗೆ ದೀಪ ಯಾಕ ಅಂತ ನನಗೂ..."

ಮಾತು ಅಲ್ಲಿಗೇ ನಿಂತಿತು. ಸುಗುಣಮ್ಮನ ಮುಖ ನೋಡಿ ನಿಂತಿತು.

"ಅವರು ಅಂದದ್ದು ಹತ್ತಿಸು ಅಂತ, ಮೊಗುಲೀ" ಎಂದಳು ಸುಗುಣಮ್ಮ, ಪಿಸುದನಿಯಲ್ಲಿ. "ನೇರಳೆದು ಜೋರು ಮಾಡಿ ಇಡು ಅಂತ."

"ಅವರು ದೊಡ್ಡದು ಮಾಡು ಅಂದ್ರು ಅಕ್ಕಾ. ನನ್ನ ಮಕ್ಕಳಾಣಿ. ಇದೇ ಮಾತಂದ್ರು."

ಮೊಗುಲಮ್ಮ ಹಿಂದೊಮ್ಮೆ ಆಪರೇಷನ್ ಸಾಮಾನಿನ ತಟ್ಟೆ ಬೀಳಿಸಿ, ಇನ್ನೊಂದು ತಪ್ಪಾದರೆ ಮನೆಗೆ ಹೋಗು ಎಂದು ಬೈಸಿಕೊಂಡಿದ್ದಳು. ಅದು ಸುಗುಣಮ್ಮನಿಗೂ ಗೊತ್ತಿತ್ತು. ಮೊಗುಲಮ್ಮ ಅವಳ ಮೊಣಕೈ ಹಿಡಿದಳು.

"ಈಗ ಹೋಗಿ ಹತ್ತಿಸಿ ಬಿಡ್ತೀನಿ. ಯಾರಿಗೂ ತಿಳಿಯಂಗಿಲ್ಲ. ಒರೆಸೀನಂತೂ ಛಲೋತ್ನಾಗ ಒರೆಸೀನಿ. ಏನೂ ಆಗಂಗಿಲ್ಲಕ್ಕಾ. ಬಾಯಿ ಬಿಡಬ್ಯಾಡ."

ಆಗಲೇ ಆಪರೇಷನ್ ಖೋಲಿಯ ಬಾಗಿಲು ತೆರೆಯಿತು. ಸ್ಟ್ರೆಚರಿನ ಗಾಲಿ ಕಿರ್ರೆಂದಿತು. ಮುಂದೆ ಡಾಕ್ಟರು ಶಿವರಂಜನಿ, ಹಿಂದೆ ತಳ್ಳುವವನು, ನಡುವೆ ಭೀಮಯ್ಯ. ಬೆನ್ನಿಗೆ ಸೂಜಿ ಕೊಟ್ಟಿದ್ದರಿಂದ ಸೊಂಟದ ಕೆಳಗೆ ಮಾತ್ರ ಸತ್ತಂತಿತ್ತು, ಮೇಲೆ ಎಚ್ಚರವಾಗಿಯೇ ಇದ್ದ. ಹೆಂಡತಿಯನ್ನು ಕಂಡು ಕಣ್ಣು ಮಿಟುಕಿಸಿದ.

"ಛಲೋ ಆಗೇತ್ರಿ ಸುಗುಣಮ್ಮಾರ" ಎಂದಳು ಡಾಕ್ಟರು. "ಇನ್ನ ಕೀವು ಆಗಲಾರದಂಗ ನೋಡಿಕೊಂಡ್ರ ಆತು. ಮೊಗುಲಮ್ಮ, ಬಾಗಲಾ ತಗೀ."

ಮೊಗುಲಮ್ಮ ಬಾಗಿಲ ಕಡೆ ನಡೆದಳು. ಸುಗುಣಮ್ಮ ಎದ್ದು ಸ್ಟ್ರೆಚರಿಗೆ ಅಡ್ಡ ನಿಂತಳು. ತಾನು ಎದ್ದದ್ದು ಅವಳಿಗೇ ತಿಳಿದಿರಲಿಲ್ಲ.

"ಆ ಖೋಲಿ ಬ್ಯಾಡ್ರೀ."

"ಯಾಕ್ರಿ?"

"ಬ್ಯಾಡ್ರೀ. ಇವತ್ತು ಬ್ಯಾಡ."

"ಹೋದ ಸಲದ ಅಂಜಿಕಿ ಇನ್ನೂ ಹೋಗಿಲ್ಲೇನು? ಈಗ ಖೋಲಿ ಹಂಗಿಲ್ಲರಿ." ಡಾಕ್ಟರು ತಿರುಗಿ ಕೇಳಿದಳು. "ಮೊಗುಲಮ್ಮ, ದೀಪ ದೊಡ್ಡದು ಮಾಡಿದ್ದಿ ಹೌದಿಲ್ಲೋ?"

ಮೊಗುಲಮ್ಮನ ಬೆನ್ನು ಕಾಣುತ್ತಿತ್ತು, ಮುಖ ಕಾಣಲಿಲ್ಲ. "ಮಾಡೀನ್ರಿ ಮೇಡಂ. ಮುಂಜಾನೇನ ದೊಡ್ಡದು ಮಾಡೀನ್ರಿ."

ಸುಳ್ಳಲ್ಲ. ಅವಳು ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಕೇಳಿದ್ರಲ್ಲ? ಬಾಜೂಕ ಸರೀರಿ ಈಗ."

ಗುರುಲಿಂಗಮ್ಮನೂ ಎದ್ದು ಬಂದಳು. "ಸರಿದು ನಿಲ್ಲವ್ವಾ ತಂಗಿ, ನಮ್ಮವರೂ ಒಳಗ ಹೋಗ್ಲಿ. ಬಾಯಾಗ ಹನಿ ನೀರಿಲ್ದ ಕುಂತಾರ."

ಸುಗುಣಮ್ಮ ನಿಂತಲ್ಲಿಂದ ಸರಿಯಲಿಲ್ಲ. ದೀಪ ದೊಡ್ಡದಾಗಿದೆ ಎಂದರೆ ಈ ಡಾಕ್ಟರಿಗೆ ತಿಳಿಯುವುದಿಲ್ಲ. ತಿಳಿಯುವಂತೆ ಹೇಳಬೇಕಾದರೆ ಇನ್ನೊಂದೇ ಮಾತಿದೆ. ಮದುವೆಯಾಗಿ ಬಂದಂದಿನಿಂದ ಆ ಮಾತನ್ನು ಅವಳ ನಾಲಿಗೆ ಒಮ್ಮೆಯೂ ಮುಟ್ಟಿರಲಿಲ್ಲ. ಗಾಳಿಗೆ ದೇವರ ದೀಪ ಹೋದಾಗಲೂ ಆಡಿರಲಿಲ್ಲ, ಮಾವ ತೀರಿಕೊಂಡ ಮನೆಯಲ್ಲೂ ಆಡಿರಲಿಲ್ಲ. ಈಗ ಆಡಬೇಕಾದದ್ದು ಮಲಗಿದ ಗಂಡನ ತಲೆಯ ಹತ್ತಿರ ನಿಂತು, ಅವನ ಕಿವಿ ಕೇಳುವಂತೆ. ಆಡಿದರೆ ಮೊಗುಲಮ್ಮನ ಅನ್ನಕ್ಕೂ ಕಲ್ಲು ಬೀಳುತ್ತದೆ. ಆಡದಿದ್ದರೆ ಕಾಲು ಆ ಮಂಚದ ಮೇಲೆ ಹೋಗಿ ಮಲಗುತ್ತದೆ.

ತಳ್ಳುವವನು ಅವಳನ್ನು ಬಳಸಿ ಗಾಲಿ ತಿರುಗಿಸಿದ. ಸ್ಟ್ರೆಚರಿನ ಮೂತಿ ಖೋಲಿಯ ಹೊಸ್ತಿಲು ಮುಟ್ಟಿತು.

"ದೀಪ ಆರೈತ್ರೀ!"

ಮಹಾಂತಯ್ಯ ಕಣ್ಣು ತೆರೆದ. ಗುರುಲಿಂಗಮ್ಮ ತಾಳಿ ಹಿಡಿದುಕೊಂಡು, "ಶಿವ ಶಿವಾ! ಮಲಗಿದ ಗಂಡನ ಮುಂದ ಎಂಥಾ ಮಾತು ಆಡಿದೆಲೇ, ತಂಗೀ!" ಅಂದಳು.

"ಆರೈತ್ರೀ" ಸುಗುಣಮ್ಮ ಮತ್ತೆ ಅಂದಳು. "ಮುಂಜಾನಿಂದ ಆರೇ ಐತಿ. ನಮ್ಮ ಕಡೆ ದೊಡ್ಡದು ಮಾಡು ಅಂದ್ರ ಆರಿಸು ಅಂತ. ನೀವು ಹೇಳಿದ್ದು ಆಕಿ ಹಂಗೇ ತಿಳಕೊಂಡಾಳ. ಆಕಿ ತಪ್ಪಲ್ಲರಿ, ಮಾತಿನ ತಪ್ಪು."

ಡಾಕ್ಟರು ಮೊಗುಲಮ್ಮನನ್ನು ನೋಡಿದಳು. ಮೊಗುಲಮ್ಮ ಕೈಯಲ್ಲಿ ಬೀಗ ಹಿಡಿದು ನೆಲ ನೋಡುತ್ತಿದ್ದಳು. ಡಾಕ್ಟರು ತಾನೇ ಬಾಗಿಲು ನೂಕಿದಳು. ಒಳಗೆ ಕತ್ತಲೆ. ನಾಲ್ಕೂ ಮಂಚ ಕತ್ತಲೆಯಲ್ಲಿ ಕೂತಿದ್ದವು.

"ನಮ್ಮ ಅಜ್ಜಿ..." ಎಂದಳು ಡಾಕ್ಟರು, ತನ್ನಷ್ಟಕ್ಕೆ ತಾನೇ ಎಂಬಂತೆ. "ನಮ್ಮ ಅಜ್ಜೀನೂ ಹಂಗೇ ಅಂತಿದ್ಲು. ನನಗ ಖಬರೇ ಇರಲಿಲ್ಲ." ಆಮೇಲೆ ದನಿ ಗಟ್ಟಿಯಾಯಿತು. "ಹಿಂದಕ್ಕ ತಗೋ. ಆಪರೇಷನ್ ಖೋಲಿಯೊಳಗ ಇರಲಿ."

ಸ್ಟ್ರೆಚರ್ ಹಿಂದಕ್ಕೆ ಸರಿಯುವಾಗ ಭೀಮಯ್ಯ ಮೆಲ್ಲಗೆ ಕೇಳಿದ, "ಯಾರ ದೀಪಾ ಆರೈತೇ? ನಂದೇನು?"

"ಸುಮ್ಮ ಮಲಗ್ರೀ" ಅಂದಳು ಸುಗುಣಮ್ಮ. ಅವನು ನಗಲು ನೋಡಿದ. ಅವಳಿಗೆ ಅತ್ತ ನೋಡಲಾಗಲಿಲ್ಲ.

ಆಪರೇಷನ್ ಖೋಲಿ ಇದ್ದದ್ದು ಒಂದೇ. ಅದು ತುಂಬಿದರೆ ಮಹಾಂತಯ್ಯನಿಗೆ ಜಾಗವಿಲ್ಲ. ಡಾಕ್ಟರು ನಾಳೆ ಮಾಡುತ್ತೇನೆ ಅಂದಾಗ ಗುರುಲಿಂಗಮ್ಮ ಸಿಡಿದಳು. "ಒಬ್ಬರ ಕಾಲಿಗೆ ಇನ್ನೊಬ್ಬರ ಹೊಟ್ಟಿ ಒಣಗಿಸ್ತೀರೇನ್ರಿ? ಈಗ ಹತ್ತಿಸಿ ಅರ್ಧ ತಾಸು ಬಿಟ್ಟು ಒಳಗ ಹಾಕ್ರಿ ಅವನ್ನ!"

"ಅದು ಬೆಂಕಿ ಅಲ್ಲರಿ, ಹಾಕಿದಾಕ್ಷಣ ಸುಡಾಕ" ಎಂದಳು ಡಾಕ್ಟರು. ಬಟನ್ನು ತಾನೇ ಒತ್ತಿ, ಬಾಗಿಲು ಹಾಕಿ, ಬೀಗದ ಕೈ ತನ್ನ ಜೇಬಿಗೆ ಹಾಕಿಕೊಂಡಳು. ಗುರುಲಿಂಗಮ್ಮ ಅಂದೇ ಸಂಜೆ ಗಂಡನನ್ನು ಕರೆದುಕೊಂಡು ರಾಯಚೂರಿಗೆ ಹೊರಟಳು. ಹೋಗುವಾಗ ಸುಗುಣಮ್ಮನ ಮುಂದೆ ಒಂದು ಗಳಿಗೆ ನಿಂತಳು. "ನಿನ್ನ ಗಂಡ ಉಳೀಲಿ" ಅಂದಳು. ಅದು ಹರಕೆಯೋ ಶಾಪವೋ ಸುಗುಣಮ್ಮನಿಗೆ ತಿಳಿಯಲಿಲ್ಲ.

ಭೀಮಯ್ಯನನ್ನು ದೊಡ್ಡ ಖೋಲಿಗೆ ಹಾಕಿದ್ದು ಮರುದಿನ. ಆಮೇಲಿನ ದಿನಗಳು ಸುಗುಣಮ್ಮನಿಗೆ ಮಗ್ಗದಲ್ಲಿ ಕಡಿದ ಎಳೆ ಹುಡುಕಿದಂತೆ ಸಾಗಿದವು. ಅವನು ಕೆಮ್ಮಿದರೆ ಅವಳಿಗೆ ತಾನಾಡಿದ ಆ ಮಾತು ನೆನಪಾಗುತ್ತಿತ್ತು. ಮೈ ಬೆಚ್ಚಗಾದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಒಂದು ಬೆಳಗ್ಗೆ ಜ್ವರ ಬಂದೇಬಿಟ್ಟಿತು. ಡಾಕ್ಟರು ಬಂದು ಮೂಸಿ ನೋಡಿ, ಪಟ್ಟಿ ಒತ್ತಿ ನೋಡಿ, ಒಂದು ಸೂಜಿ ಕೊಟ್ಟು ಹೋದಳು. ಅಂದು ಸುಗುಣಮ್ಮ ಅನ್ನ ಮುಟ್ಟಲಿಲ್ಲ. ಸಂಜೆಗೆ ಜ್ವರ ಇಳಿಯಿತು.

ಮೊಗುಲಮ್ಮನನ್ನು ಡಾಕ್ಟರು ಬೈಯಲಿಲ್ಲ. "ತಪ್ಪು ನಂದು, ಹತ್ತಿಸು ಅಂತ ಹೇಳಬೇಕಿತ್ತು" ಎಂದು ಎಲ್ಲರೆದುರೇ ಹೇಳಿದಳು. ಆದರೆ "ಗೊತ್ತಾದ ಮ್ಯಾಲೂ ಯಾಕ ಬಾಯಿ ಬಿಡಲಿಲ್ಲ?" ಎಂದು ಒಂದೇ ಮಾತು ಕೇಳಿದಳು. ಮೊಗುಲಮ್ಮ ಬಕೆಟ್ಟು ಎತ್ತಿಕೊಂಡು ಹೊರಗೆ ಹೋದಳು. ಅಂದಿನಿಂದ ಖೋಲಿ ಒರೆಸಲು ಬಂದರೆ ಭೀಮಯ್ಯನ ಮಂಚದ ಕಂಬಿಯನ್ನು ಮೂರು ಮೂರು ಸಲ ತಿಕ್ಕುತ್ತಿದ್ದಳು, ಮಂಚದ ಪಕ್ಕ ಕೂತ ಸುಗುಣಮ್ಮನ ಕಡೆ ಮಾತ್ರ ತಿರುಗುತ್ತಿರಲಿಲ್ಲ.

"ಮೊಗುಲೀ, ಒಂದು ಮಾತು ಆಡಲ್ಲೇನು?"

"ಆಡಾಕ ಏನೈತ್ರಿ" ಅಂದಳು ಮೊಗುಲಮ್ಮ. ಅಕ್ಕಾ ಎನ್ನುತ್ತಿದ್ದವಳು ರೀ ಅಂದದ್ದು ಸುಗುಣಮ್ಮನಿಗೆ ಬೈದದ್ದಕ್ಕಿಂತ ಹೆಚ್ಚು ತಾಗಿತು.

ಪಟ್ಟಿ ಬಿಚ್ಚುವ ದಿನ ಸುಗುಣಮ್ಮ ಗಾಯ ನೋಡಲಿಲ್ಲ, ಡಾಕ್ಟರ ಮುಖ ನೋಡುತ್ತ ನಿಂತಳು. ಹತ್ತಿ ತೆಗೆದರು. ಡಾಕ್ಟರು ಬಾಗಿದಳು. ಬಾಗಿಯೇ ಇದ್ದಳು. ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ಒತ್ತಿ, ಉಸಿರು ಬಿಟ್ಟಳು.

"ಹತ್ತೈತ್ರಿ. ಚರ್ಮ ಹತ್ತೈತಿ. ನೋಡ್ರಿ ಇಲ್ಲೆ, ಕೆಂಪಗ ಜೀವ ಬಂದೈತಿ."

ಭೀಮಯ್ಯ ಕೂತಲ್ಲೇ ಕಾಲ ಬೆರಳಾಡಿಸಲು ಹೋಗಿ ಬೈಸಿಕೊಂಡ. ಸುಗುಣಮ್ಮ ಹೊರಗೆ ಬಂದು ಮೊಗುಲಮ್ಮನನ್ನು ಹುಡುಕಿದಳು. ಪಡಸಾಲೆಯಲ್ಲಿರಲಿಲ್ಲ, ಹಿತ್ತಲ ನಲ್ಲಿಯ ಹತ್ತಿರವೂ ಇರಲಿಲ್ಲ. ಬೇರೊಬ್ಬ ಹೆಂಗಸು ನೆಲ ಒರೆಸುತ್ತಿದ್ದಳು.

ಬುಧವಾರ ಭೀಮಯ್ಯನನ್ನು ಮನೆಗೆ ಬಿಟ್ಟರು. ಮೊಗುಲಮ್ಮನನ್ನು ಹೋಗೆಂದು ಯಾರೂ ಅಂದಿರಲಿಲ್ಲ. ಅವಳು ಅದಕ್ಕೆ ಮೊದಲೇ, ಸೋಮವಾರ, ತನ್ನ ಹತ್ತಿರ ಉಳಿದಿದ್ದ ಬೀಗದ ಕೈಗಳನ್ನು ಡಾಕ್ಟರ ಮೇಜಿನ ಮೇಲಿಟ್ಟು, ಕೆಲಸ ಬಿಟ್ಟು ಗುಂಡುಮಾಲಿಗೆ ಹೋಗಿದ್ದಳು.