ಹನಿ ನಿಂತ ಮಧ್ಯಾಹ್ನ

ಸೂಜಿ ಚುಚ್ಚಿದ್ದ ಜಾಗದ ಪ್ಲಾಸ್ಟರಿನ ಅಂಚಿಗೆ ಕೊಬ್ಬರಿ ಎಣ್ಣೆ ಸವರಿ, ಪ್ರೇಮಲೀಲಾ ಅದನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದಳು. ಅಕ್ಕ ಚೂಡಾಮಣಿಯ ಎಡಗೈ ತಣ್ಣಗಿತ್ತು. ಆ ಅಂಗೈಯಲ್ಲಿ ಲಿಂಗ ಇಡಬೇಕು, ಮೈ ಸೆಟೆಯುವ ಮೊದಲೇ ಕೂರಿಸಬೇಕು ಎಂದು ಸಂಸ್ಕಾರ ಮಾಡಿಸುವ ಅಯ್ಯನವರು ಎರಡು ಸಲ ಹೇಳಿ ಕಳಿಸಿದ್ದರು. ಕುವೆಂಪುನಗರದ ಆ ಪುಟ್ಟ ಮನೆಯ ಹಜಾರದ ತುಂಬ ಚೂಡಾಮಣಿಯ ಕೈಕೆಳಗೆ ಪಳಗಿದ ನರ್ಸುಗಳು. ರೋಗಿಯ ಕೈಗೆ ಹಾಕಿದ ಸೂಜಿ ಕಟ್ಟಿಕೊಂಡರೆ ಸಿಸ್ಟರ್ ವಾರ್ಡೇ ನಡುಗುವಂತೆ ಬೈಯುತ್ತಿದ್ದರು ಎಂದು ಹೇಳಿಕೊಂಡು ಅಳುತ್ತಿದ್ದರು. ಪ್ರೇಮಲೀಲಾ ತಲೆ ಎತ್ತಲಿಲ್ಲ.

*

ಮೂರು ವಾರದ ಹಿಂದೆ ಆಸ್ಪತ್ರೆಯಿಂದ ಮನೆಗೆ ಬಂದಾಗಲೇ ಚೂಡಾಮಣಿಯ ನರಗಳು ಸೋತಿದ್ದವು. ಹಳೆಯ ಶಿಷ್ಯೆ ಶುಭಾ ಬೆಳಿಗ್ಗೆ ಸಂಜೆ ಬಂದು ನರಕ್ಕೆ ಔಷಧಿ ಕೊಡುತ್ತಿದ್ದಳು. ಉಳಿದ ಹೊತ್ತೆಲ್ಲ ಸಲೈನ್ ಸಣ್ಣಗೆ ಹನಿಯುತ್ತಲೇ ಇರಬೇಕಿತ್ತು.

"ಹನಿ ನಿಂತ್ರೆ ರಕ್ತ ಹಿಂದಕ್ಕೆ ಬಂದು ಹೆಪ್ಪುಗಟ್ಟುತ್ತೆ ಕಣೇ. ಇನ್ನೊಂದು ಕಡೆ ಚುಚ್ಚೋಕೆ ನನ್ನ ಮೈಲಿ ಜಾಗ ಇಲ್ಲ," ಎಂದಿದ್ದಳು ಚೂಡಾಮಣಿ.

ಪ್ರೇಮಲೀಲಾ ಹನಿ ನೋಡುತ್ತಲೇ ಉಂಡಳು, ಹನಿ ನೋಡುತ್ತಲೇ ಹೂ ಕಟ್ಟಿದಳು. ಮಂಗಳವಾರ ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಹತ್ತಿತು. ಎಚ್ಚರವಾದಾಗ ಬಾಟಲಿ ಬರಿದಾಗಿತ್ತು. ನಳಿಗೆಯಲ್ಲಿ ಗೇಣುದ್ದ ರಕ್ತ ಕಪ್ಪುಗಟ್ಟಿತ್ತು. ಸಂಜೆ ಶುಭಾ ನಾಲ್ಕು ಕಡೆ ಚುಚ್ಚಿದರೂ ನರ ಸಿಗಲಿಲ್ಲ. ಆಸ್ಪತ್ರೆಗೆ ಹೋಗೋಣವೆಂದರೆ ಚೂಡಾಮಣಿ ಸಾಕು ಎಂದು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಶುಕ್ರವಾರ ಬೆಳಿಗ್ಗೆ ಹೋಗಿಬಿಟ್ಟಳು.

*

ಪ್ಲಾಸ್ಟರು ಹತ್ತಿಯ ಸಮೇತ ಎದ್ದು ಬಂತು. ಅಡಿಯಲ್ಲಿ ನೇರಳೆ ಬಣ್ಣದ ಕಲೆ.

"ನಾನು ನಿದ್ದೆ ಮಾಡ್ಬುಟ್ಟೆ ಕಣಮ್ಮ," ಎಂದಳು ಪ್ರೇಮಲೀಲಾ, ಪಕ್ಕದಲ್ಲಿ ಅಕ್ಕನ ಕೈ ಹಿಡಿದು ಕೂತಿದ್ದ ಶುಭಾಳಿಗೆ ಮಾತ್ರ ಕೇಳುವಂತೆ. ಮೂರು ದಿನದಿಂದ ಯಾರಿಗೂ ಹೇಳಿರಲಿಲ್ಲ.

ಶುಭಾ ಅವಳ ಬೆರಳಿಗೆ ಅಂಟಿದ್ದ ಪ್ಲಾಸ್ಟರನ್ನು ಬಿಡಿಸಿ ತೆಗೆದುಕೊಂಡಳು. "ಸಿಸ್ಟರ್‌ಗೆ ಎಚ್ಚರ ಇತ್ತು ಅಮ್ಮ. ಬಾಟ್ಲಿ ಖಾಲಿಯಾಗೋದನ್ನ ನೋಡ್ತಾನೇ ಇದ್ರಂತೆ. ನೀವು ಕೈಗೆಟುಕೋ ಹಾಗೇ ಕೂತಿದ್ರಿ. 'ಮೂರು ವಾರದಲ್ಲಿ ಮೊದಲ್ನೇ ಸಲ ಗೊರಕೆ ಹೊಡೀತಿದ್ಲು, ಎಂಗೆ ಎಬ್ಬಿಸ್ಲಿ' ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಜಗಳ ಆಡ್ತಾಳೆ ಅಂದ್ರು."

ಪ್ರೇಮಲೀಲಾಳಿಗೆ ಮೊದಲು ಬಂದದ್ದು ಸಿಟ್ಟು. ಅಕ್ಕನ ಮುಖವನ್ನು ದಿಟ್ಟಿಸಿ ನೋಡಿದಳು. ಅವಳ ಅಂಗೈಗೆ ಅಂಟಿದ್ದ ಎಣ್ಣೆಯನ್ನು ಸೆರಗಿನಿಂದ ಒರೆಸಿ, ಅಯ್ಯನವರನ್ನು ಕರೆಯಲು ಹೇಳಿದಳು.

ರುದ್ರಭೂಮಿಯಲ್ಲಿ ಕೂತ ಅಕ್ಕನ ಮೇಲೆ ವಿಭೂತಿ, ಬಿಲ್ವಪತ್ರೆ, ಮಣ್ಣು ಬಿದ್ದವು. ಹಿಂದಿರುಗುವಾಗ ತಮ್ಮ ಶಿವಕುಮಾರನ ಕಾರಿನಲ್ಲಿ ಪ್ರೇಮಲೀಲಾಳ ತಲೆ ಶುಭಾಳ ಹೆಗಲಿಗೆ ವಾಲಿತು. ಮನೆ ಬಂದರೂ ಎಚ್ಚರವಾಗಲಿಲ್ಲ. ಶಿವಕುಮಾರ ಹಿಂದಕ್ಕೆ ತಿರುಗಿ ನೋಡಿ ಎಂಜಿನ್ ಆರಿಸಿದ. ಯಾರೂ ಬಾಗಿಲು ತೆರೆಯಲಿಲ್ಲ. ಕಾಲಿಗೆ ನೀರು ಹಿಡಿದು ಬಂದ ಪಕ್ಕದ ಮನೆಯ ಕೆಂಚಮ್ಮ ಕಾರಿನೊಳಗೆ ಇಣುಕಿ, ಬಿಂದಿಗೆ ಕೆಳಗಿಟ್ಟು, ಗಾಜಿಗೆ ಬೀಳುತ್ತಿದ್ದ ಬಿಸಿಲಿಗೆ ಸೆರಗು ಅಡ್ಡ ಹಿಡಿದು ನಿಂತಳು.