ಹಿಂದಿನ ಗೇಟು

"ನಮ್ಮ ಲೈಬ್ರರಿಯಲ್ಲಿ ಎರಡು ಸಾವಿರ ಪುಸ್ತಕ ಇದೆ," ಎಂದು ಹೆಡ್ ಮಿಸ್ ಹೇಳುತ್ತಿದ್ದಾಗ ಅವನು ಕಿಟಕಿಯ ಹತ್ತಿರ ನಿಂತು ಅಂಗಳ ನೋಡುತ್ತಿದ್ದ. ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತು, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತ, ನಡುನಡುವೆ ಗಂಡನ ಬೆನ್ನನ್ನು ಕಣ್ಣಲ್ಲೇ ತಿವಿಯುತ್ತಿದ್ದಳು. ಮಗಳು ಆಗಲೇ ಮೇಜಿಗೆ ಗದ್ದ ಊರಿ, ಮೇಲಿದ್ದ ನೋಟೀಸನ್ನು ತಲೆಕೆಳಗಾಗಿಯೇ ಓದಲು ಶುರುಮಾಡಿದ್ದಳು. ಮನೆಯಲ್ಲಿ ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದರು. ಗಾತ್ರ ನೋಡಿ ಯಾರಾದರೂ ಮೋಸಹೋದರೆ ಅದು ಅವರ ಹಣೆಬರಹ.

"ಸರ್ ಏನಾದ್ರೂ ಕೇಳ್ಬೇಕಾ?" ಎಂದರು ಹೆಡ್ ಮಿಸ್.

"ಬಸ್ಸು ಎಲ್ಲಿ ತಿರುಗಿಸ್ತಾರೆ?"

ಅವರು ಕನ್ನಡಕ ಸರಿಮಾಡಿಕೊಂಡರು. "ಹಿಂದಿನ ಗೇಟಿಂದ ಒಳಗೆ ಬಂದು ಅಂಗಳದಲ್ಲೇ ರಿವರ್ಸ್ ತಗೊಂಡು ಹೋಗುತ್ತೆ. ನಿಮ್ಮ ಮನೆ ಹತ್ತಿರಾನೇ ಅಂದ್ರಲ್ಲ, ಬಸ್ಸು ಬೇಕಾ?"

"ಬೇಡ. ರಿವರ್ಸ್ ತಗೊಳ್ಳುವಾಗ ಹಿಂದೆ ಯಾರು ನಿಲ್ತಾರೆ?"

"ಆಯಾ ಇರ್ತಾರೆ," ಎಂದರು ಹೆಡ್ ಮಿಸ್, ಸ್ವಲ್ಪ ತಡೆದು.

ಹೊರಗೆ ಬಂದ ಮೇಲೆ ಹೆಂಡತಿ, "ಇದಕ್ಕೂ ಬೇಡ ಅಂತೀರಾ?" ಎಂದಳು.

"ಅಂಗಳ ಚಿಕ್ಕದು."

"ಮೊದಲನೇದಕ್ಕೆ ಗೇಟು ರಸ್ತೆಗೇ ಇದೆ ಅಂದ್ರಿ. ಎರಡನೇದಕ್ಕೆ ಇಳಿಜಾರು ಅಂದ್ರಿ. ಮೊಸರಲ್ಲಿ ಕಲ್ಲು ಹುಡುಕ್ತಾ ಕೂತ್ರೆ ಸಿಗದೆ ಇರುತ್ತಾ?"

ಹೊಸ ಊರಿಗೆ ಬಂದು ಹನ್ನೊಂದು ದಿನವಾಗಿತ್ತು. ಅವಳಿಗೆ ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಅವನಿಗೆ ಹಾಸಿಗೆ ಕಾರ್ಖಾನೆಯಲ್ಲಿ ಫೋಮ್ ಕತ್ತರಿಸುವ ಕೆಲಸ. ಸಂಜೆ ಮನೆಗೆ ಬಂದರೆ ಅಂಗಿಯ ಮೇಲೆ, ಹುಬ್ಬಿನ ಮೇಲೆ ಬಿಳಿ ಚೂರುಗಳು ಅಂಟಿಕೊಂಡಿರುತ್ತಿದ್ದವು. ಮೆಣಸು ಅವನ್ನು ಒಂದೊಂದಾಗಿ ಹೆಕ್ಕಿ ಉಫ್ ಎಂದು ಊದುತ್ತಿದ್ದಳು. ಕಾರ್ಖಾನೆಯಲ್ಲಿ ಯಾರಾದರೂ, ಮೊದಲು ಏನು ಕೆಲಸ ಮಾಡ್ತಿದ್ರಿ ಎಂದು ಕೇಳಿದರೆ ಅವನು, ಅದೂ ಇದೂ, ಎಂದುಬಿಡುತ್ತಿದ್ದ.

ಅದೂ ಇದೂ ಅಲ್ಲ. ಹದಿನಾಲ್ಕು ವರ್ಷ ಅವನು ಶಾಲೆಯ ಬಸ್ಸು ಓಡಿಸಿದ್ದ, ಗಾಡಿಗೆ ಒಂದು ಗೀರು ಬೀಳದ ಹಾಗೆ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ಹಿಂದೆ ನಿಂತಿದ್ದ ಅಟೆಂಡರು ತಗಡಿನ ಮೇಲೆ ಎರಡು ಸಲ ತಟ್ಟಿದ. ಎರಡು ತಟ್ಟಿದರೆ ಬಾ, ಒಂದು ತಟ್ಟಿದರೆ ನಿಲ್ಲು. ಅವನು ಬಂದ. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಉರುಳಿಹೋದ ನೀರಿನ ಬಾಟಲಿಯ ಮುಚ್ಚಳ ಹೆಕ್ಕಲು ಬಗ್ಗಿದ್ದಳು. ಕನ್ನಡಿಗೆ ಕಾಣುವಷ್ಟು ಎತ್ತರ ಅವಳಿಗಿರಲಿಲ್ಲ. ದೊಡ್ಡ ಸದ್ದೇನೂ ಆಗಲಿಲ್ಲ. ಇವತ್ತಿಗೂ ಅವನಿಗೆ ತಡೆಯಲಾಗದ್ದು ಅದೇ: ಅಷ್ಟು ಸಣ್ಣ ಸದ್ದು.

ತಪ್ಪು ಅವನದಲ್ಲ ಎಂದು ಕೋರ್ಟು ಹೇಳಿತು. ಊರೂ ಹೇಳಿತು. ಆ ಹುಡುಗಿಯ ತಾಯಿ ಮಾತ್ರ ಏನೂ ಹೇಳಲಿಲ್ಲ. ಅಂಗಡಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಡುತ್ತಿದ್ದಳು. ಬೈದಿದ್ದರೆ, ಕೊರಳಪಟ್ಟಿ ಹಿಡಿದು ಎಳೆದಿದ್ದರೆ ಅವನು ಆ ಊರಲ್ಲೇ ಹೇಗೋ ಬದುಕಿಬಿಡುತ್ತಿದ್ದನೇನೋ. ಆ ದಾರಿ ಬಿಡುವುದನ್ನು ಮಾತ್ರ ಮೂರು ವರ್ಷಕ್ಕಿಂತ ಹೆಚ್ಚು ಸಹಿಸಲಾಗಲಿಲ್ಲ.

ಈಗ ಮೆಣಸಿಗೆ ಆರು ತುಂಬಿತ್ತು. ಆ ಹುಡುಗಿಗೆ ಆಗ ಆರು. ಮೆಣಸು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೆ ಸಾಕು, ಅದು ಯಾರ ಬೆನ್ನು ಎಂದು ಒಂದು ಗಳಿಗೆ ಅವನಿಗೇ ತಿಳಿಯುತ್ತಿರಲಿಲ್ಲ.

ಮಾರನೆಯ ದಿನ ಅವನೇ ಒಂದು ಶಾಲೆ ಹುಡುಕಿ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೋದ. ಎದುರು ಬದುರು ಎರಡು ಸೈಕಲ್ ಬಂದರೆ ಒಂದು ಇಳಿದು ನಿಲ್ಲಬೇಕಾದಂಥ ಓಣಿ, ಅದರ ಕೊನೆಗೆ ಎರಡು ಕೋಣೆ. ಮೂರು ಕ್ಲಾಸಿಗೂ ಸೇರಿ ಒಬ್ಬರೇ ಟೀಚರು. ಅವರು ಮೇಜಿನ ಮೇಲೆ ಮೊಣಕೈ ಊರಿ ಅರೆನಿದ್ದೆಯಲ್ಲಿದ್ದರು. ಮಕ್ಕಳು ಬೋರ್ಡಿನ ಮೇಲಿದ್ದುದನ್ನು ನಕಲು ಮಾಡುತ್ತಿದ್ದವು. ಮೆಣಸು ಬಾಗಿಲಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿಬಿಟ್ಟಳು.

ಟೀಚರು ಬೆಚ್ಚಿ ಕಣ್ಣು ಬಿಟ್ಟರು. "ಅದು ಮೂರನೇ ಕ್ಲಾಸಿನವರದ್ದು. ನೀನು ಓದಬಾರದು. ಬಾಯಿ ಮುಚ್ಕೊಂಡು ನಿಂತ್ಕೋ."

ಮೆಣಸು ಬಾಯಿ ಮುಚ್ಚಿದಳು. ಅಲ್ಲಿಂದ ಮನೆಯವರೆಗೂ ಅದನ್ನು ತೆರೆಯಲೇ ಇಲ್ಲ.

ಅಡುಗೆಮನೆಯಲ್ಲಿ ಇನ್ನೂ ಬಿಚ್ಚದ ಡಬ್ಬಗಳ ನಡುವೆ ನಿಂತು ಹೆಂಡತಿ ಕೇಳಿದಳು. "ಅವಳು ಯಾವತ್ತಾದ್ರೂ ಅರ್ಧ ಗಂಟೆ ಸುಮ್ನಿದ್ದಿದ್ದು ನೋಡಿದ್ದೀರಾ? ಜ್ವರ ಬಂದಾಗ್ಲೂ ಇಲ್ಲ."

"ಆ ಓಣಿಗೆ ಗಾಡಿ ಬರಲ್ಲ."

"ಗಾಳೀನೂ ಬರಲ್ಲ."

ಅವನು ಸಿಂಕಿನ ನಲ್ಲಿ ತಿರುಗಿಸಿದ, ಮತ್ತೆ ನಿಲ್ಲಿಸಿದ.

"ಇಲ್ಲಿ ಕೇಳಿ," ಎಂದಳು ಅವಳು, ದನಿ ತಗ್ಗಿಸಿ. "ಹೋದ ಮಗೂಗೆ ನಾನೂ ಅತ್ತಿದ್ದೀನಿ. ನಿಮಗೆ ಗೊತ್ತಿಲ್ಲದ ಹಾಗೆ ಎಷ್ಟು ಸಲ ಅತ್ತಿದ್ದೀನೋ. ಆದ್ರೆ ಇರೋ ಮಗೂನ ಕರ್ಕೊಂಡು ಹೋಗಿ ಆ ಹೋದವಳ ಪಕ್ಕದಲ್ಲಿ ಕೂರಿಸೋಕೆ ನಾನು ಬಿಡಲ್ಲ. ಲೈಬ್ರರಿ ಇರೋ ಸ್ಕೂಲಿಗೆ ನಾಳೆ ಫಾರ್ಮ್ ಕೊಡೋಕೆ ಕೊನೇ ದಿನ. ನೀವು ಬರದಿದ್ರೆ ನಾನೇ ಸಹಿ ಹಾಕ್ತೀನಿ."

ಮಾರನೆಯ ದಿನ ಊಟದ ಹೊತ್ತಿಗೆ ಅವನು ಮೇಸ್ತ್ರಿಗೆ ಹೊಟ್ಟೆನೋವು ಎಂದು ಹೇಳಿ ಕಾರ್ಖಾನೆಯಿಂದ ಹೊರಟ. ಮೂರೂವರೆಗೆ ಆ ಶಾಲೆಯ ಹಿಂದಿನ ಗೇಟಿನ ಹೊರಗೆ ನಿಂತಿದ್ದ. ಬಸ್ಸು ಅಂಗಳದಲ್ಲಿತ್ತು. ಗಂಟೆ ಹೊಡೆಯಿತು, ಚೀಲದಿಂದ ಕಾಳು ಸುರಿದ ಹಾಗೆ ಮಕ್ಕಳು ಹೊರಗೆ ಬಂದರು. ಕೆಲವರು ಬಸ್ಸು ಹತ್ತಿದರು, ಕೆಲವರು ಗೇಟಿನ ಕಡೆ ಓಡಿದರು, ಇನ್ನು ಕೆಲವರು ನಲ್ಲಿಯ ಹತ್ತಿರ ಒಬ್ಬರಿಗೊಬ್ಬರು ನೀರೆರಚುತ್ತ ಉಳಿದರು. ಬಸ್ಸು ಗುರ್ರೆಂದಿತು. ಹಿಂದೆ ಯಾರೂ ನಿಂತಿರಲಿಲ್ಲ. ಹಿಂಬದಿಯ ದೀಪ ಹತ್ತಿತು. ಬಸ್ಸಿನ ಹಿಂದೆ, ಚಕ್ರಕ್ಕೆ ಒಂದು ಮಾರು ದೂರದಲ್ಲಿ, ಒಂದು ಮಗು ಬಗ್ಗಿತು.

ತಾನು ಯಾವಾಗ ಗೇಟು ದಾಟಿದೆ ಎಂದು ಅವನಿಗೆ ತಿಳಿಯಲಿಲ್ಲ. ಅಂಗೈ ತಗಡಿಗೆ ಬಿದ್ದಿತ್ತು. ಒಂದೇ ಏಟು.

ಬಸ್ಸು ಗಕ್ಕನೆ ನಿಂತಿತು. ಒಳಗಿದ್ದ ಮಕ್ಕಳೆಲ್ಲ ಹೋ ಎಂದವು. ಸ್ಟೇರಿಂಗಿಗೆ ತಾಗುವಂಥ ಹೊಟ್ಟೆಯ ನಡುವಯಸ್ಸಿನ ಡ್ರೈವರು ಇಳಿದು ಬಂದ.

"ಏನ್ರೀ, ತಲೆಗಿಲೆ ಕೆಟ್ಟಿದೆಯಾ?"

"ಹಿಂದೆ ಮಗು ಇತ್ತು."

"ಎಲ್ಲಿ?"

ಇಬ್ಬರೂ ನೋಡಿದರು. ಮಗು ಇರಲಿಲ್ಲ. ಒಣಗಿದ ನೆಲ, ಅದರ ಮೇಲೆ ಅವನದೇ ನೆರಳು. ನಲ್ಲಿಯ ಹತ್ತಿರದ ಮಕ್ಕಳು ಇಪ್ಪತ್ತು ಹೆಜ್ಜೆ ಆಚೆ, ಆಟ ಮರೆತು ಇವನನ್ನೇ ನೋಡುತ್ತಿದ್ದರು. ಡ್ರೈವರು ಇನ್ನೂ ಎರಡು ಮಾತು ಬೈಯಲು ಬಾಯಿ ತೆರೆದವನು, ಅವನ ಮುಖ ನೋಡಿ ನಿಲ್ಲಿಸಿದ.

"ಒಂದೇ ಏಟು ಹೊಡೆದ್ರಿ," ಎಂದ, ಬೇರೆಯದೇ ದನಿಯಲ್ಲಿ. "ಬೇರೆಯವರಾಗಿದ್ರೆ ಡಬಡಬ ಬಡೀತಿದ್ರು. ಯಾವ ಗಾಡಿ ಓಡಿಸ್ತಿದ್ರಿ?"

"ಸ್ಕೂಲ್ ಬಸ್ಸು."

"ಯಾಕೆ ಬಿಟ್ರಿ?"

ಕೋರ್ಟಿನಲ್ಲಿ ಹೇಳಿದ್ದನ್ನು ಬಿಟ್ಟರೆ ಅವನು ಅದನ್ನು ಯಾರ ಮುಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಹೆಂಡತಿಗೆ ಬೇರೆಯವರು ಹೇಳಿದ್ದರು. ಈಗ ಹೇಳಿದ. ನಾಲ್ಕೈದು ವಾಕ್ಯದಲ್ಲಿ ಮುಗಿದುಹೋಯಿತು. ಮುಚ್ಚಳದ ಬಣ್ಣ ಹಸಿರು ಎಂದು ಕೂಡ ಹೇಳಿದ. ಅದನ್ನು ಕೋರ್ಟಿನಲ್ಲಿ ಯಾರೂ ಕೇಳಿರಲಿಲ್ಲ. ಡ್ರೈವರು ಹೋಗಿ ಎಂಜಿನ್ ಆರಿಸಿ ಬಂದ. ಆಗಲೇ ಇವನಿಗೆ ಕಂಡದ್ದು, ಹೆಡ್ ಮಿಸ್ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಆಯಾ ಕೆಲಸ ಬಿಟ್ಟು ಎರಡು ತಿಂಗಳಾಯ್ತು," ಎಂದರು ಅವರು. "ಅವತ್ತು ನಿಮಗೆ ಸುಳ್ಳು ಹೇಳಿದೆ."

ಅವರು ಕೈಯಲ್ಲಿದ್ದ ಫೈಲನ್ನು ಮೆಟ್ಟಿಲ ಮೇಲಿಟ್ಟು, ಇಳಿದು ಬಂದು, ಬಸ್ಸಿನ ಹಿಂದೆ ನಿಂತು ಅತ್ತಿತ್ತ ನೋಡಿ, ಅಳುಕುತ್ತ ಎರಡು ಸಲ ತಟ್ಟಿದರು.

ಡ್ರೈವರು ಅಷ್ಟರಲ್ಲಿ ಸೀಟಿಗೆ ಹೋಗಿ ಕೂತಿದ್ದ. ಕಿಟಕಿಯಿಂದ ತಲೆ ಹೊರಹಾಕಿ, "ಮೇಡಂ, ಇದು ಆಫೀಸ್ ಬಾಗಿಲಲ್ಲ. ಜೋರಾಗಿ ತಟ್ಟಿ," ಎಂದ.

ಅವರು ಜೋರಾಗಿ ತಟ್ಟಿದರು. ಬಸ್ಸು ಹಿಂದಕ್ಕೆ ಬಂತು. ಅವನು ಕಣ್ಣು ಮುಚ್ಚಲಿಲ್ಲ. ಚಕ್ರದ ಜೊತೆಜೊತೆಗೇ ನಡೆಯುತ್ತ, ಅದು ತಿರುಗಿ ಗೇಟು ದಾಟುವವರೆಗೂ ನೆಲವನ್ನೇ ನೋಡುತ್ತಿದ್ದ.

"ಆಯಾ ಸಿಗೋವರೆಗೂ ನಾನೇ ನಿಲ್ತೀನಿ," ಎಂದರು ಹೆಡ್ ಮಿಸ್, ಕೆಂಪಾದ ಅಂಗೈ ಉಜ್ಜಿಕೊಳ್ಳುತ್ತ. ಆಮೇಲೆ, "ನಿಮ್ಮ ಮನೆಯವರು ಬೆಳಿಗ್ಗೆನೇ ಬಂದು ಫಾರ್ಮ್ ಕೊಟ್ಟು ಹೋದ್ರು," ಎಂದರು.

ಆಫೀಸಿನಲ್ಲಿ ಅವರು ಅದನ್ನು ಮೇಜಿನ ಮೇಲಿಟ್ಟರು. ಹೆಂಡತಿಯ ದುಂಡು ಅಕ್ಷರ. ತಂದೆಯ ಉದ್ಯೋಗದ ಮುಂದೆ ಹಾಸಿಗೆ ಕಾರ್ಖಾನೆ ಎಂದಿತ್ತು. ಕೆಳಗೆ ತಾಯಿಯ ಸಹಿ ಇತ್ತು. ಅದರ ಪಕ್ಕದ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಳು. ಅವನು ಅದನ್ನು ಬಹಳ ಹೊತ್ತು ನೋಡಿದ. ಹೆಡ್ ಮಿಸ್ ಪೆನ್ನಿನ ಕ್ಯಾಪು ತೆಗೆದು ಕೊಟ್ಟರು.

ಸೋಮವಾರ ಅವನೇ ಮಗಳನ್ನು ಕರೆದುಕೊಂಡು ಬಂದ. ಕ್ಲಾಸಿನ ಬಾಗಿಲವರೆಗೂ ಅವಳು ಅವನ ಬೆರಳು ಹಿಡಿದಿದ್ದಳು. ಬಾಗಿಲಲ್ಲಿ ಯಾವುದೋ ಹುಡುಗಿ ಕಂಡಿದ್ದೇ ತಡ, "ನಿನಗೆ ಓದೋಕೆ ಬರುತ್ತಾ? ನನಗೆ ಬರುತ್ತೆ," ಎನ್ನುತ್ತ ಬೆರಳು ಬಿಟ್ಟು ಒಳಗೆ ಹೋದಳು. ಹಿಂತಿರುಗಿ ನೋಡಲಿಲ್ಲ.

ಒಂಬತ್ತಕ್ಕೆ ಅವನು ಕಾರ್ಖಾನೆಯಲ್ಲಿರಬೇಕಿತ್ತು. ಆದರೂ ಗೋಡೆಯ ಹೊರಗೆ, ಕ್ಲಾಸಿನ ಕಿಟಕಿಯ ಕೆಳಗೆ ನಿಂತ. ಒಳಗೆ ಎರಡರ ಮಗ್ಗಿ ಶುರುವಾಯಿತು. ನಲವತ್ತು ಮಕ್ಕಳು ಒಟ್ಟಿಗೆ ಕೂಗುತ್ತಿದ್ದವು. ಮೆಣಸಿನ ದನಿ ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಗಟ್ಟಿ, ಹುಡುಕಬೇಕಾಗಿಯೇ ಇರಲಿಲ್ಲ. ಆದರೆ ಎಲ್ಲರೂ ಮುಗಿಸಿದ ಮೇಲೆ, ಪ್ರತಿ ಸಾಲಿನ ಕೊನೆಗೆ, ಹಿಂದೆಲ್ಲೋ ಕೂತ ಒಂದು ಮಗು ಒಂಟಿಯಾಗಿ ಆ ಸಂಖ್ಯೆಯನ್ನು ಹೇಳುತ್ತಿತ್ತು. ಸಣ್ಣ ದನಿ, ಗಡಿಬಿಡಿಯಿಲ್ಲದ್ದು, ಮೂರು ವರ್ಷದ ಹಿಂದೆ ಅರ್ಧಕ್ಕೆ ನಿಂತ ಮಗ್ಗಿಯನ್ನು ಮುಗಿಸುತ್ತಿರುವ ಹಾಗೆ.

ಎರಡೊಂಬತ್ಲಿ ಹದಿನೆಂಟು, ಎಂದರು ಎಲ್ಲರೂ. ಹದಿನೆಂಟು, ಎಂದಿತು ಆ ದನಿ.

ಎರಡು ಹತ್ಲಿ ಇಪ್ಪತ್ತು, ಎಂದು ಎಲ್ಲರೂ ಮುಗಿಸಿದರು. ಬೆಂಚುಗಳು ಕಿರುಗುಟ್ಟಿದವು. ಅವನು ಗೋಡೆಗೆ ಕೈಯಿಟ್ಟು, ಉಸಿರು ಹಿಡಿದು ಕಾದ.

ಇಪ್ಪತ್ತು, ಎಂದಿತು.